ಕೂರದ ರೆಕ್ಕೆ: ಬೆಂಗಳೂರಿನ ನ್ಯಾಟ್ ಮತ್ತು ಒಂದು ಪ್ಲಾಸ್ಟಿಕ್ ಕಿಟ್‌ನ ಕಥೆ



ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಪ್ಲಾಸ್ಟಿಕ್ ವಿಮಾನ. ಡಬ್ಬದಲ್ಲಿ ಬಿಡಿಬಿಡಿ ಭಾಗಗಳಾಗಿ ಬರುತ್ತಲ್ಲ, ಅಂಟು ಹಚ್ಚಿ ಜೋಡಿಸಿ, ಬಣ್ಣ ಬಳಿದು, ಶೋಕೇಸಿನಲ್ಲಿ ಇಡೋದು, ಅದೇ. ಅದರಲ್ಲೂ ಅಳತೆ ತಪ್ಪಿದ, ಸರಿಯಾಗಿ ಕೂರದ ಕಿಟ್‌ಗಳ ಬಗ್ಗೆ ಮಾತಾಡೋಣ ಅಂತ. ಇದರಲ್ಲಿ ಇತಿಹಾಸ ಏನು ಬಂತು ಅಂತೀರಾ? ಬೆಂಗಳೂರಿನಲ್ಲೇ ತಯಾರಾದ ಒಂದು ಯುದ್ಧವಿಮಾನವನ್ನ ಬೆಂಗಳೂರಿನಲ್ಲೇ ಕೂತು ಅಂಗೈ ಅಗಲಕ್ಕೆ ಮಾಡೋಕೆ ಹೊರಟರೆ ಅದು ಯಾಕೆ ಅಷ್ಟು ಕಷ್ಟ ಆಗುತ್ತೆ ಅನ್ನೋ ಪ್ರಶ್ನೆ ಇದೆಯಲ್ಲ, ಅದರ ಉತ್ತರ ಪೂರ್ತಿ ಇತಿಹಾಸವೇ.

ನಾನಿರೋದು ಬನಶಂಕರಿ ಎರಡನೇ ಹಂತದಲ್ಲಿ. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಹಳಬರಿಗೆ ಎಚ್‌ಎಎಲ್ ಅಂದ್ರೆ ಮೊದಲು ನೆನಪಾಗೋದು ವಿಮಾನ ಅಲ್ಲ, ಬಸ್ಸು. ಬೆಳಗ್ಗೆ ಫ್ಯಾಕ್ಟರಿ ಬಸ್ಸಿಗೆ ಕಾಯೋರು, ಕೈಯಲ್ಲಿ ಟಿಫನ್ ಕ್ಯಾರಿಯರ್. ಕಾರ್ಖಾನೆ ಊರಿನ ಆ ತುದಿಯಲ್ಲಿ, ಮನೆ ಈ ತುದಿಯಲ್ಲಿ. ಹಾಗಾಗಿ ವಿಮಾನ ಕಟ್ಟಿದ ಎಷ್ಟೋ ಕೈಗಳು ನಮ್ಮ ಬೀದಿಗಳಲ್ಲೇ ಇದ್ದವು. ಇದನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಒಂದು ಇಂಚಿಗೆ ಆರು ಅಡಿ

ಮೊದಲು ಅಳತೆ ವಿಚಾರ. ಈ ಹವ್ಯಾಸದಲ್ಲಿ ಎಲ್ಲರೂ ಹೇಳೋ ಸಂಖ್ಯೆ 1:72. ಅಂದ್ರೆ ನಿಜವಾದ ವಿಮಾನದ 72 ಪಾಲಿನಲ್ಲಿ ಒಂದು ಪಾಲು. ಈ 72 ಎಲ್ಲಿಂದ ಬಂತು? ಆರು ಅಡಿಗೆ 72 ಇಂಚು. ಆರಡಿ ಎತ್ತರದ ಮನುಷ್ಯ ಈ ಅಳತೆಯಲ್ಲಿ ಸರಿಯಾಗಿ ಒಂದು ಇಂಚು ಆಗ್ತಾನೆ. ಇಂಗ್ಲೆಂಡಿನಲ್ಲಿ 1932ರಲ್ಲಿ ಸ್ಕೈಬರ್ಡ್ಸ್ ಅನ್ನೋ ಮರದ ಕಿಟ್‌ಗಳು ಈ ಅಳತೆಯನ್ನ ಬಳಕೆಗೆ ತಂದವು. 1936ರಲ್ಲಿ ಫ್ರಾಗ್ ಕಂಪನಿಯವರು ಪೆಂಗ್ವಿನ್ ಅನ್ನೋ ಹೆಸರಲ್ಲಿ ಪ್ಲಾಸ್ಟಿಕ್ ಕಿಟ್ ತಂದರು. ಆಮೇಲೆ ಎರಡನೇ ಮಹಾಯುದ್ಧ. ಆಕಾಶದಲ್ಲಿ ಕಾಣೋ ವಿಮಾನ ನಮ್ಮದಾ ಶತ್ರುವಿನದಾ ಅಂತ ಗುರುತು ಹಿಡಿಯೋಕೆ ಸೈನಿಕರಿಗೆ ತರಬೇತಿ ಬೇಕಲ್ಲ? 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾ ಮಕ್ಕಳಿಗೆ 5 ಲಕ್ಷ ಮರದ ಮಾದರಿಗಳನ್ನ ಮಾಡಿಕೊಡಿ ಅಂತ ಕೇಳಿತು. ಅಳತೆ ಅದೇ, 1:72.

ಅಂದ್ರೆ ಒಂದು ಕಾಲದಲ್ಲಿ ಮಾದರಿ ವಿಮಾನದ ಆಕಾರ ತಪ್ಪಾದರೆ ಪ್ರಾಣ ಹೋಗಬಹುದಿತ್ತು. ಆಮೇಲೆ ಅದು ಆಟಿಕೆ ಆಯ್ತು. ಆಟಿಕೆ ಆದ ಮೇಲೆ ತಪ್ಪುಗಳೂ ಒಳಗೆ ಬಂದವು.

ತಪ್ಪುಗಳಲ್ಲಿ ಎರಡು ಜಾತಿ. ಒಂದು ಜೋಡಣೆಯ ತಪ್ಪು: ರೆಕ್ಕೆ ಮೈಗೆ ಕೂರಲ್ಲ, ನಡುವೆ ಸಂದು ಬೀಳುತ್ತೆ, ಎರಡು ಹೋಳುಗಳ ಅಂಚು ಸೇರಲ್ಲ. ಬಿಸಿ ಪ್ಲಾಸ್ಟಿಕ್ಕನ್ನ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಅದು ತಣ್ಣಗಾಗುವಾಗ ಒಂದಿಷ್ಟು ಕುಗ್ಗುತ್ತೆ, ದಪ್ಪ ಇರೋ ಕಡೆ ಗುಳಿ ಬೀಳುತ್ತೆ. ಅಚ್ಚು ಹಳೆಯದಾದರೆ ಅಂಚಿನಲ್ಲಿ ಪ್ಲಾಸ್ಟಿಕ್ ಸೋರಿ ಪೊರೆ ಥರ ನಿಲ್ಲುತ್ತೆ. ಇದನ್ನೆಲ್ಲ ಕೈಯಿಂದ ಸರಿ ಮಾಡಬಹುದು. ಎರಡನೆಯದು ಆಕಾರದ ತಪ್ಪು. ಎಲ್ಲಾ ಭಾಗ ಚಂದವಾಗಿ ಕೂರುತ್ತೆ, ಆದರೆ ಮಾಡಿ ಮುಗಿಸಿದ ಮೇಲೆ ನೋಡಿದರೆ ಅದು ಆ ವಿಮಾನವೇ ಅಲ್ಲ!

ಆಕಾರದ ತಪ್ಪಿಗೆ ಕಾರಣಗಳು ಹಲವು. ನಕಲು ಒಂದು. ಏರ್‌ಫಿಕ್ಸ್ ಕಂಪನಿಯ ಮೊದಲ ವಿಮಾನದ ಕಿಟ್ 1953ರ ಸ್ಪಿಟ್‌ಫೈರ್. ಅಮೆರಿಕದ ಅರೋರಾ ಕಂಪನಿಯ ದೊಡ್ಡ ಕಿಟ್ ನೋಡಿಕೊಂಡು ಅದನ್ನ ಚಿಕ್ಕದು ಮಾಡಿದ್ದರು ಅಂತ ಹೇಳ್ತಾರೆ. ಮೂಲದಲ್ಲಿದ್ದ ತಪ್ಪೂ ಜೊತೆಗೆ ಚಿಕ್ಕದಾಗಿ ಬಂತು. ಊಹೆ ಇನ್ನೊಂದು. 1986ರಲ್ಲಿ ಟೆಸ್ಟರ್ಸ್ ಕಂಪನಿ ಎಫ್-19 ಅಂತ ಅಮೆರಿಕದ ರಹಸ್ಯ ವಿಮಾನದ ಕಿಟ್ ಬಿಡ್ತು. ಜನ ಮುಗಿಬಿದ್ದು ಕೊಂಡರು. 1988ರಲ್ಲಿ ಅಮೆರಿಕ ಸರ್ಕಾರ ನಿಜವಾದ ವಿಮಾನದ ಫೋಟೊ ಹೊರಗೆ ಬಿಟ್ಟಾಗ ಗೊತ್ತಾಯ್ತು, ಅದರ ಹೆಸರು ಎಫ್-117, ಕಿಟ್‌ಗೂ ಅದಕ್ಕೂ ಹೋಲಿಕೆಯೇ ಇಲ್ಲ ಅಂತ.

ಮೂರನೇ ಕಾರಣ ಮಾರುಕಟ್ಟೆ. ಉಕ್ಕಿನ ಅಚ್ಚು ಮಾಡಿಸೋಕೆ ತುಂಬಾ ಖರ್ಚು, ಆ ಖರ್ಚು ಎಲ್ಲಿ ಹುಟ್ಟುತ್ತೋ ಅಲ್ಲಿನವರ ವಿಮಾನಕ್ಕೇ ಅಚ್ಚು. ಬೆಂಗಳೂರಿನ ಕಥೆ ಶುರುವಾಗೋದು ಇಲ್ಲಿಂದ.

ನಮ್ಮ ನ್ಯಾಟ್, ಅವರ ನ್ಯಾಟ್

ನ್ಯಾಟ್ ಅಂದ್ರೆ ನೊರಜು. ಹೆಸರಿಗೆ ತಕ್ಕ ಹಾಗೆ ಪುಟ್ಟ ವಿಮಾನ. ಬ್ರಿಟನ್ನಿನ ಫಾಲೆಂಡ್ ಕಂಪನಿಯಲ್ಲಿ ಡಬ್ಲ್ಯು.ಇ.ಡಬ್ಲ್ಯು. ಪೆಟರ್ ಅನ್ನೋ ಎಂಜಿನಿಯರ್ ಇದನ್ನ ವಿನ್ಯಾಸ ಮಾಡಿದರು. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಿವೆ, ದುಬಾರಿ ಆಗ್ತಿವೆ, ಚಿಕ್ಕದಾಗಿ ಅಗ್ಗವಾಗಿ ಯಾಕೆ ಮಾಡಬಾರದು ಅನ್ನೋದು ಅವರ ವಾದ. 1955ರ ಜುಲೈನಲ್ಲಿ ನ್ಯಾಟ್ ಮೊದಲ ಸಲ ಹಾರಿತು. ಆದರೆ ಬ್ರಿಟನ್ನಿನ ವಾಯುಪಡೆ ಈ ಒಂಟಿ ಸೀಟಿನ ನ್ಯಾಟ್ ಅನ್ನ ಯುದ್ಧವಿಮಾನ ಅಂತ ತಗೊಳ್ಳಲೇ ಇಲ್ಲ. ಫಿನ್ಲೆಂಡ್ 13 ಕೊಂಡಿತು, ಯುಗೊಸ್ಲಾವಿಯ 2. ದೊಡ್ಡ ಮನಸ್ಸು ಮಾಡಿದ್ದು ಭಾರತ. 1956ರಲ್ಲಿ ಒಪ್ಪಂದ ಆಯ್ತು. ಕೊಳ್ಳೋದು ಮಾತ್ರ ಅಲ್ಲ, ಬೆಂಗಳೂರಿನಲ್ಲೇ ತಯಾರಿಸೋಕೆ ಲೈಸೆನ್ಸ್ ಕೂಡ.

ತಯಾರಿಕೆ ಶುರುವಾದ ರೀತಿ ಗಮನಿಸಿ. ಮೊದಲು ಪೂರ್ತಿ ಜೋಡಿಸಿದ ವಿಮಾನಗಳು ಬಂದವು. ಆಮೇಲೆ ಅರ್ಧ ಮುಗಿದವು. ಆಮೇಲೆ ಬಿಡಿ ಭಾಗಗಳು. ಕೊನೆಗೆ 1962ರ ಹೊತ್ತಿಗೆ ಪೂರ್ತಿ ಇಲ್ಲೇ ತಯಾರಾದ ನ್ಯಾಟ್. ಒಂದು ಅರ್ಥದಲ್ಲಿ ಎಚ್‌ಎಎಲ್ ಕೂಡ ಕಿಟ್ ಜೋಡಿಸುತ್ತಲೇ ಕಲಿತದ್ದು. ಇನ್ನೂ ಹಿಂದಕ್ಕೆ ಹೋದರೂ ಅದೇ ಕಥೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ, ಇಲ್ಲಿಂದ ಹಾರಿದ ಮೊದಲ ವಿಮಾನ ಅಮೆರಿಕದಿಂದ ಬಂದ ಭಾಗಗಳನ್ನ 1941ರಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ.

ಈಗ ಬ್ರಿಟನ್ನಿಗೆ ವಾಪಸ್ ಬರೋಣ. ಒಂಟಿ ಸೀಟಿನ ನ್ಯಾಟ್ ಬೇಡ ಅಂದ ಅವರು, ಪೈಲಟ್‌ಗಳ ತರಬೇತಿಗೆ ಅದೇ ನ್ಯಾಟ್‌ನ ಎರಡು ಸೀಟಿನ ಮಾದರಿ ಬೇಕು ಅಂದರು. ಅದು ಟಿ.1. ಒಟ್ಟು 105 ತಗೊಂಡರು. 1965ರಿಂದ 1979ರವರೆಗೆ ರೆಡ್ ಆರೋಸ್ ಅನ್ನೋ ಅವರ ಪ್ರಸಿದ್ಧ ಕಸರತ್ತಿನ ತಂಡ ಹಾರಿಸಿದ್ದು ಇದನ್ನೇ. ಕೆಂಪು ಬಣ್ಣದ ನ್ಯಾಟ್ ನೋಡಿದ ಬ್ರಿಟನ್ನಿನ ಮಕ್ಕಳಿಗೆ ಕೆಂಪು ನ್ಯಾಟ್ ಕಿಟ್ ಬೇಕಾಯ್ತು. ಏರ್‌ಫಿಕ್ಸ್ ಟಿ.1 ಕಿಟ್ ಮಾಡ್ತು. ಡಬ್ಬದ ಮೇಲೆ ನ್ಯಾಟ್ ಅಂತ ಹೆಸರು, ದಶಕಗಳ ಕಾಲ ಅದೇ ಡಬ್ಬ ಅಂಗಡಿಗಳಲ್ಲಿ. ಕಂಪನಿದು ಇದರಲ್ಲಿ ತಪ್ಪೇನಿಲ್ಲ. ಅದು ಟಿ.1 ಮಟ್ಟಿಗೆ ಸರಿ. ಆದರೆ ಟಿ.1 ಅನ್ನ ಭಾರತ ಬಳಸಲೇ ಇಲ್ಲ.

ನಮ್ಮಲ್ಲಿ ಆ ಕಾಲಕ್ಕೆ ಆಟಿಕೆ ಆಮದಿಗೆ ಎಷ್ಟು ನಿರ್ಬಂಧ ಇತ್ತು ಅಂತ ನಿಮಗೆ ಗೊತ್ತು. 1991ರ ನಂತರ ಸ್ವಲ್ಪ ಸ್ವಲ್ಪ ಸಡಿಲ ಆಗಿ, ಕೊನೆಯ ಪ್ರಮಾಣ ನಿರ್ಬಂಧಗಳು ಹೋಗಿದ್ದು 2001ರ ಏಪ್ರಿಲ್ 1ಕ್ಕೆ. ಅಲ್ಲಿಯವರೆಗೆ ಇಂಥ ಕಿಟ್ ಬಹುತೇಕ ಸೂಟ್‌ಕೇಸಿನಲ್ಲಿ ಬರಬೇಕಿತ್ತು, ಫಾರಿನ್ನಿಗೆ ಹೋದ ಸೋದರಮಾವನೋ ಚಿಕ್ಕಪ್ಪನೋ ಮನಸ್ಸು ಮಾಡಿದರೆ. ನ್ಯಾಟ್ ತನ್ನಿ ಅಂತ ಹೇಳಿ ಕಳಿಸಿದರೆ ಅವರು ತರ್ತಿದ್ದದ್ದು ಈ ಟಿ.1. ನ್ಯಾಟ್ ತಯಾರಾದ ಊರಿಗೆ ನ್ಯಾಟ್ ಅಲ್ಲದ ನ್ಯಾಟ್!

ಹೆಸರುಕಾಳಿನಷ್ಟು ವ್ಯತ್ಯಾಸ

ಹಾಗಾದರೆ ಹಿಂದಿನ ಸೀಟು ಕಿತ್ತು ಹಾಕಿದರೆ ಆಯ್ತಲ್ಲ ಅಂತ ಅನ್ನಿಸಬಹುದು. ಆಗಲ್ಲ. ಒಂಟಿ ಸೀಟಿನ ನ್ಯಾಟ್‌ನ ರೆಕ್ಕೆಯ ಅಗಲ ಸುಮಾರು 6.7 ಮೀಟರ್, ಟಿ.1ರದು 7.3 ಮೀಟರ್. ರೆಕ್ಕೆಯ ವಿಸ್ತೀರ್ಣವೇ ಸುಮಾರು 40 ಚದರ ಅಡಿ ಹೆಚ್ಚು. 72ರಿಂದ ಭಾಗಿಸಿ ನೋಡಿ: 93 ಮಿಲಿಮೀಟರ್ ಇರಬೇಕಾದ ಕಡೆ 101 ಮಿಲಿಮೀಟರ್ ಇರುತ್ತೆ. ಒಂದೊಂದು ಕಡೆಗೆ 4 ಮಿಲಿಮೀಟರ್, ಅಂದ್ರೆ ಒಂದು ಹೆಸರುಕಾಳಿನಷ್ಟು. ಕೇಳೋಕೆ ಏನೂ ಅಲ್ಲ. ಆದರೆ ಅಂಗೈ ಅಗಲದ ವಿಮಾನದಲ್ಲಿ ಕಣ್ಣಿಗೆ ರಾಚುತ್ತೆ. ಮೈ ಉದ್ದ ಬೇರೆ, ಬಾಲ ದೊಡ್ಡದು, ಪೈಲಟ್ ಮೇಲಿನ ಗಾಜು ಬೇರೆ.

ಇನ್ನೂ ಸೂಕ್ಷ್ಮವಾದ ವ್ಯತ್ಯಾಸ ರೆಕ್ಕೆಯ ಹಿಂಬದಿಯಲ್ಲಿದೆ. ವಿಮಾನವನ್ನ ಎಡಕ್ಕೆ ಬಲಕ್ಕೆ ವಾಲಿಸೋ ಪಟ್ಟಿಗಳಿಗೆ ಏಲರಾನ್ ಅಂತಾರೆ. ಸಾಮಾನ್ಯವಾಗಿ ಅವು ರೆಕ್ಕೆಯ ತುದಿಯ ಕಡೆ ಇರುತ್ತವೆ, ಇಳಿಯುವಾಗ ಬಗ್ಗಿಸೋ ಫ್ಲ್ಯಾಪ್‌ಗಳು ಒಳಗಡೆ. ಟಿ.1ರಲ್ಲಿ ಹಾಗೇ ಇದೆ. ಒಂಟಿ ಸೀಟಿನ ನ್ಯಾಟ್‌ನಲ್ಲಿ ಏಲರಾನ್‌ಗಳೇ ಒಳಗಡೆ, ಇಳಿಯುವಾಗ ಫ್ಲ್ಯಾಪ್ ಕೆಲಸಾನೂ ಅವೇ ಮಾಡ್ತಿದ್ದವು. ತೂಕ ಉಳಿಸೋಕೆ ಒಂದೇ ಭಾಗದಿಂದ ಎರಡು ಕೆಲಸ. ಚಕ್ರದ ಮುಚ್ಚಳಗಳೂ ಹಾಗೇ, ಅರ್ಧ ತೆಗೆದರೆ ಗಾಳಿಯಲ್ಲಿ ಬ್ರೇಕ್. ಕಿಟ್‌ನ ರೆಕ್ಕೆ ಮೇಲಿನ ಒಂದು ಗೆರೆ ಯಾಕೆ ತಪ್ಪು ಜಾಗದಲ್ಲಿದೆ ಅಂತ ಹುಡುಕಿಕೊಂಡು ಹೋದರೆ, ಪೆಟರ್ ಅವರ ತಲೆಯೊಳಗಿನ ಲೆಕ್ಕಾಚಾರವೇ ಸಿಗುತ್ತೆ ನೋಡಿ.

ನಮ್ಮ ಬಡಾವಣೆಯಲ್ಲಿ ಎಚ್‌ಎಎಲ್‌ನಿಂದ ರಿಟೈರ್ ಆದ ಹಿರಿಯರೊಬ್ಬರಿದ್ದಾರೆ. ಅವರಿಗೆ ಒಮ್ಮೆ ಈ ಟಿ.1 ಕಿಟ್‌ನ ರೆಕ್ಕೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದವರೇ, ಏನಪ್ಪಾ ಇದು, ಏಲರಾನ್ ಇಲ್ಲಿಗೆ ಯಾವಾಗ ಹೋಯ್ತು ಅಂತ ಕೇಳಿದರು. ಡ್ರಾಯಿಂಗ್ ಇಲ್ಲ, ಪುಸ್ತಕ ಇಲ್ಲ. ಕೈಗೆ ನೆನಪಿತ್ತು ಅಷ್ಟೇ.

ಸರಿ, ಇದನ್ನ ತಿದ್ದೋದು ಹೇಗೆ? ಮೈಯನ್ನ ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಬೇಕು. ರೆಕ್ಕೆಯ ತುದಿ ಕತ್ತರಿಸಿ ಅರದಲ್ಲಿ ತೀಡಬೇಕು. ತಪ್ಪು ಗೆರೆ ಪುಟ್ಟಿಯಲ್ಲಿ ಮುಚ್ಚಿ, ಹೊಸ ಗೆರೆ ಸೂಜಿಯಲ್ಲಿ ಕೊರೆಯಬೇಕು. ಫೆವಿಕಾಲ್ ಇಲ್ಲಿ ನಡೆಯಲ್ಲ, ಈ ಪ್ಲಾಸ್ಟಿಕ್ಕಿಗೆ ಅದು ಹಿಡಿಯಲ್ಲ. ದೊಡ್ಡ ಸಂದಿಗೆ ಎಂ-ಸೀಲ್, ಸಣ್ಣ ಸಂದಿಗೆ ಜೆ.ಸಿ. ರಸ್ತೆಯ ಬಣ್ಣದ ಅಂಗಡಿಗಳಲ್ಲಿ ಸಿಗೋ ಕಾರಿನ ಎನ್‌ಸಿ ಪುಟ್ಟಿ, ಉಜ್ಜೋಕೆ ವಾಟರ್ ಪೇಪರ್. ಗಾಜಿನ ಮುಚ್ಚಳಕ್ಕೆ ಮರದಲ್ಲಿ ಒಂದು ಅಚ್ಚು ಕೆತ್ತಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಸಿ ಮಾಡಿ ಅದರ ಮೇಲೆ ಎಳೆಯೋದು. ಬಿ.ಟಿ.ಎಂ. ಲೇಔಟ್‌ನ ಒಂದು ರೂಮಿನ ಮನೆಯಲ್ಲಿ ಇದನ್ನೆಲ್ಲ ಮಾಡ್ತಾ ಕೂತರೆ ಥಿನ್ನರ್ ವಾಸನೆಗೆ ಓನರ್ ಬಂದು ಬಾಗಿಲು ತಟ್ಟೋದು ಗ್ಯಾರಂಟಿ.

ಎರಡನೇ ಸೀಟು ಯಾರದ್ದು?

ಇಷ್ಟೆಲ್ಲ ಯಾಕೆ, ಶೋಕೇಸಿನಲ್ಲಿ ಇರೋ ವಿಮಾನಕ್ಕೆ ಎಷ್ಟು ಸೀಟಿದ್ದರೇನು ಅಂತ ಕೇಳೋರು ಇದ್ದಾರೆ. ಅವರಿಗೆ ನನ್ನ ಉತ್ತರ ಒಂದೇ ದಿನಾಂಕ: 1971ರ ಡಿಸೆಂಬರ್ 14.

ಆವತ್ತು ಬೆಳಗ್ಗೆ ಶ್ರೀನಗರದ ವಿಮಾನ ನೆಲೆಯ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳು ದಾಳಿ ಮಾಡಿದವು. ಬಾಂಬ್ ಬೀಳ್ತಿರುವಾಗಲೇ 18ನೇ ಸ್ಕ್ವಾಡ್ರನ್‌ನ ಎರಡು ನ್ಯಾಟ್‌ಗಳು ಮೇಲೇರಿದವು. ಒಂದರಲ್ಲಿ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್. ಜೊತೆಯ ನ್ಯಾಟ್ ಕಣ್ಮರೆಯಾದ ಮೇಲೆ ಅವರು ಹಲವು ಸೇಬರ್‌ಗಳ ಎದುರು ಒಬ್ಬರೇ ಸೆಣಸಿ ಪ್ರಾಣ ಬಿಟ್ಟರು. ಪರಮವೀರ ಚಕ್ರ ಪಡೆದ ಏಕೈಕ ವಾಯುಪಡೆ ಯೋಧ ಅವರು. ಆ ವಿಮಾನದಲ್ಲಿ ಇದ್ದದ್ದು ಒಂದೇ ಸೀಟು. ಎರಡು ಸೀಟಿನ ಕಿಟ್‌ಗೆ ಭಾರತದ ಚಕ್ರ ಅಂಟಿಸಿ ಇದು ಸೆಖೋನ್ ಅವರ ನ್ಯಾಟ್ ಅಂತ ಇಟ್ಟರೆ, ಅವತ್ತು ಅಲ್ಲಿ ಇರದ ಒಬ್ಬರಿಗೆ ಜಾಗ ಕೊಟ್ಟ ಹಾಗೆ. ಅವರು ಒಬ್ಬರೇ ಇದ್ದರು ಅನ್ನೋದೇ ಅಲ್ಲಿನ ಕಥೆ. ಹೆಸರುಕಾಳಿನಷ್ಟು ವ್ಯತ್ಯಾಸ ಅಂದೆನಲ್ಲ, ಅದರ ತೂಕ ಇಷ್ಟು.

ನ್ಯಾಟ್ ಆಮೇಲೆ ಅಜೀತ್ ಆಯ್ತು. ಎಚ್‌ಎಎಲ್ ಎಂಜಿನಿಯರ್‌ಗಳು ಇಂಧನವನ್ನ ರೆಕ್ಕೆಯೊಳಗೇ ತುಂಬೋ ವ್ಯವಸ್ಥೆ ಮಾಡಿ, ರೆಕ್ಕೆ ಕೆಳಗಿನ ಜಾಗವನ್ನ ಆಯುಧಗಳಿಗೆ ಬಿಡಿಸಿಕೊಟ್ಟರು. 1975ರಲ್ಲಿ ಮೊದಲ ಹಾರಾಟ, 1991ರಲ್ಲಿ ನಿವೃತ್ತಿ. ಈಚಿನ ವರ್ಷಗಳಲ್ಲಿ ಜೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿ ಒಂಟಿ ಸೀಟಿನ ನ್ಯಾಟ್ ಮತ್ತು ಅಜೀತ್ ಎರಡನ್ನೂ 1:72ರಲ್ಲಿ ತಂದಿದೆ. ಸಂತೋಷ. ಆದರೆ ಇಂಥ ಸಣ್ಣ ಕಂಪನಿಗಳ ಕಿಟ್‌ಗಳು ಕಡಿಮೆ ಸಂಖ್ಯೆಯಲ್ಲಿ, ಕಡಿಮೆ ಖರ್ಚಿನ ಅಚ್ಚಿನಲ್ಲಿ ಆಗುವಂಥವು. ಎಷ್ಟೋ ಸಲ ಭಾಗಗಳನ್ನ ಸಾಲಾಗಿ ಕೂರಿಸೋ ಮೊಳೆ, ತೂತು ಇರಲ್ಲ. ಕೈಯಲ್ಲೇ ಹೊಂದಿಸಬೇಕು. ಸುಲಭವಾಗಿ ಕೂರ್ತಿದ್ದ ಕಿಟ್ ನಮ್ಮ ವಿಮಾನ ಅಲ್ಲ, ನಮ್ಮ ವಿಮಾನದ ಕಿಟ್ ಸುಲಭವಾಗಿ ಕೂರಲ್ಲ. ನಾನಂತೂ ಎರಡನೆಯದನ್ನೇ ಆರಿಸಿಕೊಳ್ತೀನಿ.

ಮಾರುತ್‌ನ ಸೊಂಟ

ನ್ಯಾಟ್ ವಿನ್ಯಾಸವಾದರೂ ಬ್ರಿಟನ್ನಿನದ್ದು. ಪೂರ್ತಿ ಬೆಂಗಳೂರಿನಲ್ಲೇ ಹುಟ್ಟಿದ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್. 1956ರಲ್ಲಿ ಬಂದ ಜರ್ಮನ್ ವಿನ್ಯಾಸಕ ಕುರ್ಟ್ ಟಾಂಕ್ ಅವರ ನೇತೃತ್ವ, ಭಾರತೀಯ ಎಂಜಿನಿಯರ್‌ಗಳ ತಂಡ. ಅವರೂ ಮೊದಲು ಮಾಡಿದ್ದು ಮಾದರಿಯನ್ನೇ ಅಂದ್ರೆ ನಂಬ್ತೀರಾ? ನಿಜವಾದ ವಿಮಾನದಷ್ಟೇ ದೊಡ್ಡದಾದ, ಎಂಜಿನ್ ಇಲ್ಲದ, ಮರದ ಗ್ಲೈಡರ್. 1959ರಲ್ಲಿ ಅದನ್ನ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಮೇಲೇರಿಸಿ, ಬಿಟ್ಟು, ಹೇಗೆ ಹಾರುತ್ತೆ ಅಂತ ನೋಡಿದರು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. 1970ರ ಜನವರಿಯಲ್ಲಿ ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಎಚ್‌ಎಎಲ್ ಕಡೆ ಹೋಗೋ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದ್ದೇ.

ಮಾರುತ್‌ನ ದೊಡ್ಡ ನೋವು ಎಂಜಿನ್. ಅದಕ್ಕೆ ಅಂತ ಅಂದುಕೊಂಡಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋಯ್ತು. ಕೊನೆಗೆ ನ್ಯಾಟ್‌ನಲ್ಲಿದ್ದ ಎಂಜಿನ್ನಿನ ದಾಯಾದಿಗಳನ್ನೇ ಎರಡು ಹಾಕಿ ಸುಧಾರಿಸಬೇಕಾಯ್ತು. ಮೈಗೆ ಒಪ್ಪುವ ಎಂಜಿನ್ ಸಿಗದೆಯೇ 147 ಮಾರುತ್‌ಗಳು ತಯಾರಾದವು.

ಏರ್‌ಫಿಕ್ಸ್, ರೆವೆಲ್, ತಮಿಯಾ ಥರದ ದೊಡ್ಡ ಹೆಸರುಗಳ ಡಬ್ಬದಲ್ಲಿ ಮಾರುತ್ ನಾನು ನೋಡಿಲ್ಲ. ಸಣ್ಣ ತಯಾರಕರೇ ಗತಿ. ಅವರಿಗೆ ಆಧಾರ ಫೋಟೊಗಳು. ಇಲ್ಲೊಂದು ತೊಡಕಿದೆ. ಮಾರುತ್‌ನ ಮೈ ನಡುವೆ ಸೊಂಟದ ಹಾಗೆ ಸಣ್ಣ ಆಗುತ್ತೆ. ಶಬ್ದದ ವೇಗದ ಹತ್ತಿರ ಗಾಳಿಯ ಪ್ರತಿರೋಧ ಕಡಿಮೆ ಮಾಡೋಕೆ, ರೆಕ್ಕೆ ಸೇರೋ ಕಡೆ ಮೈ ತೆಳ್ಳಗೆ ಮಾಡೋ ನಿಯಮ ಅದು. ಫೋಟೊದಲ್ಲಿ ಪಕ್ಕದ ನೋಟ ಸಿಗುತ್ತೆ, ಅಡ್ಡಕ್ಕೆ ಕೊಯ್ದರೆ ಹೇಗಿರುತ್ತೆ ಅನ್ನೋದು ಸಿಗಲ್ಲ. ಅದಕ್ಕೆ ಟೇಪ್ ಹಿಡಿದು ವಿಮಾನದ ಹತ್ತಿರವೇ ಹೋಗಬೇಕು. ನಮ್ಮ ಪುಣ್ಯ, ಮಾರುತ್ ಇಲ್ಲೇ ಇದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು. 2001ರಲ್ಲಿ ಶುರುವಾದ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಜೊತೆ ಅಜೀತ್ ಕೂಡ ಇದೆ.

ಆದರೆ ಹೊರಗೆ ನಿಂತ ವಿಮಾನ ಬಿಸಿಲು ಮಳೆ ತಿನ್ನುತ್ತೆ. ಮತ್ತೆ ಮತ್ತೆ ಬಣ್ಣ ಬಳಿದ ಹಾಗೆ ಮೂಲ ಬಣ್ಣ, ಮೂಲ ಅಕ್ಷರ, ಸಣ್ಣ ಸಣ್ಣ ಗೆರೆ ಮುಚ್ಚಿ ಹೋಗುತ್ತೆ. ಇನ್ನು ಅದನ್ನ ಕಟ್ಟಿದವರ ಮಾತು. ನ್ಯಾಟ್ ಒಪ್ಪಂದ ಆದ ವರ್ಷ 20ರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ 90ರ ಆಸುಪಾಸು. ಏಲರಾನ್ ಎಲ್ಲಿತ್ತು ಅಂತ ಕೈ ನೆನಪಿನಲ್ಲೇ ಹೇಳಬಲ್ಲವರು ಇನ್ನೆಷ್ಟು ದಿನ ಸಿಗ್ತಾರೆ?

ಅದಕ್ಕೇ ಒಂದು ವಿನಂತಿ. ನಿಮ್ಮ ತಾತನೋ ತಂದೆಯೋ ಎಚ್‌ಎಎಲ್‌ನಲ್ಲಿ ಇದ್ದರೆ, ಮನೆಯ ಟ್ರಂಕಿನಲ್ಲಿ ಹಳೇ ಫೋಟೊ ಇದ್ದರೆ, ಮನೆ ಬದಲಾಯಿಸುವಾಗ ಗುಜರಿಗೆ ಹಾಕಬೇಡಿ. ಫೋಟೊದ ಹಿಂದೆ ವರ್ಷ, ಜಾಗ, ಯಾವ ವಿಮಾನ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಹಿರಿಯರು ಇದ್ದರೆ ಕೂರಿಸಿಕೊಂಡು ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೊರಗಿನವರು ತಮ್ಮ ವಿಮಾನಕ್ಕೆ ಅಚ್ಚು ಮಾಡಿಕೊಂಡರು, ಅದು ಅವರ ಹಕ್ಕು. ನಮ್ಮದರ ಸರಿಯಾದ ಅಳತೆ ಉಳಿಯೋದು ನಮ್ಮ ಮನೆಗಳಲ್ಲೇ.